ಪಾಸ್‌ವರ್ಡ್ ಮ್ಯಾನೇಜರ್: ದತ್ತಾಂಶದ ನೆಲೆ

ಪಾಸ್‌ವರ್ಡ್ ಮ್ಯಾನೇಜರ್ ತಂತ್ರಾಂಶವು ಗೂಢಲಿಪೀಕರಿಸಿದ ಪಾಸ್‌ವರ್ಡ್‌ಗಳನ್ನು ಕಂಪ್ಯೂಟರಿನಲ್ಲಿ ಸಾಮಾನ್ಯ ಕಡತಗಳಾಗಿಯೇ ಉಳಿಸುತ್ತದೆ. ಕೀಪಾಸ್ ಎಂಬ ಮ್ಯಾನೇಜರಿನ ಕೆಡಿಬಿಎಕ್ಸ್ ಕಡತ ಬಳಕೆದಾರರು ಆಯ್ದ ಫೋಲ್ಡರಿನಲ್ಲಿರುತ್ತದೆ. ವಿಂಡೋಸ್‌ನಲ್ಲಿ ಬಿಟ್‌ವಾರ್ಡನ್ ಮ್ಯಾನೇಜರ್ ಸಾಮಾನ್ಯವಾಗಿ ಆ್ಯಪ್‌ಡೇಟಾ ಫೋಲ್ಡರನ್ನು, ಫೈರ್‌ಫಾಕ್ಸ್ ಬ್ರೌಸರ್ ತನ್ನ ಪ್ರೊಫೈಲ್ ಫೋಲ್ಡರನ್ನು ಬಳಸುತ್ತದೆ. ಈ ಜಾಗಗಳು ಯಾವುವೂ ಗುಟ್ಟಲ್ಲ. ಆದ್ದರಿಂದ ಭದ್ರತೆ ನಿಂತಿರುವುದು ಕಡತದ ಜಾಗದ ಮೇಲಲ್ಲ, ಕೀಲಿಯ ಮೇಲೆ. ಫೈರ್‌ಫಾಕ್ಸ್ ಇದಕ್ಕೆ ಸಾಕ್ಷಿ: ಕೀಲಿಯನ್ನು ಕಾಯುವ ಪ್ರಧಾನ ಪಾಸ್‌ವರ್ಡ್ ಹಾಕದಿದ್ದರೆ ದತ್ತಾಂಶವೂ ಅದನ್ನು ಬಿಡಿಸುವ ಕೀಲಿಯೂ ಒಂದೇ ಫೋಲ್ಡರಿನಲ್ಲಿ ಇರುವುದರಿಂದ, ಎರಡನ್ನೂ ನಕಲು ಮಾಡಿಕೊಂಡವರು ಎಲ್ಲವನ್ನೂ ಓದಬಲ್ಲರು.

ಕಡತವನ್ನು ಬಚ್ಚಿಟ್ಟರೆ ಕ್ಷೇಮವಲ್ಲವೇ ಎಂಬ ಆಕ್ಷೇಪವುಂಟು. ಆದರೆ ಕುತಂತ್ರಾಂಶವು ಇಡೀ ಡಿಸ್ಕನ್ನೇ ಜಾಲಾಡಬಲ್ಲದು. ಕೀಲಿಯೊಂದನ್ನುಳಿದು ವ್ಯವಸ್ಥೆಯೆಲ್ಲ ಶತ್ರುವಿಗೆ ತಿಳಿದಿದ್ದರೂ ಅದು ಭದ್ರವಾಗಿರಬೇಕೆಂದು ಗೂಢಲಿಪಿ ತಜ್ಞ ಕೆರ್ಕ್‌ಹಾಫ್ಸ್ 1883ರಲ್ಲೇ ಪ್ರತಿಪಾದಿಸಿದ್ದ. ಹಾಗಾದರೆ ಕಡತವನ್ನು ಕ್ಲೌಡ್‌ನಲ್ಲಿಟ್ಟರೆ ಸಾಕೇ? 2022ರಲ್ಲಿ ಲಾಸ್ಟ್‌ಪಾಸ್ ಎಂಬ ಮ್ಯಾನೇಜರಿನ ಕ್ಲೌಡ್ ಬ್ಯಾಕಪ್‌ನಿಂದಲೇ ಗ್ರಾಹಕರ ದತ್ತಾಂಶದ ಪ್ರತಿಗಳು ಕಳವಾದವು. ಅಲ್ಲಿಯೂ ದುರ್ಬಲ ಪ್ರಧಾನ ಪಾಸ್‌ವರ್ಡ್ ಇದ್ದವರಿಗೇ ಹೆಚ್ಚಿನ ಅಪಾಯ. ನೆಲೆ ಮುಖ್ಯವಾಗುವುದು ಕಡತ ನಾಶವಾಗದಂತೆ ಉಳಿಸಿಕೊಳ್ಳುವುದಕ್ಕೆ. ಉದಾಹರಣೆಗೆ, 2025ರ ಮೇ ತಿಂಗಳ ಮಳೆಗೆ ಬೆಂಗಳೂರಿನ ಹೊರಮಾವಿನ ಸಾಯಿ ಲೇಔಟ್‌ನ ಮನೆಗಳಿಗೆ ನೀರು ನುಗ್ಗಿತು. ಅಂಥ ಕಡೆ ಕಂಪ್ಯೂಟರಿನಲ್ಲಿರುವ ಏಕೈಕ ಪ್ರತಿ ಕಂಪ್ಯೂಟರಿನೊಂದಿಗೇ ಹಾಳಾಗಬಹುದು. ಹಾಗಾಗಿ ದೀರ್ಘವಾದ ಪ್ರಧಾನ ಪಾಸ್‌ವರ್ಡ್, ಬೇರೆಡೆ ಇಟ್ಟ ಇನ್ನೊಂದು ಪ್ರತಿ ಎರಡೂ ಅಗತ್ಯ.