ಸ್ಪೀಡ್

ಚಲನೆ ಎಷ್ಟು ಬಿರುಸಾಗಿದೆ ಎಂಬುದನ್ನು ಸೂಚಿಸುವ ಇಂಗ್ಲಿಷ್ ಪದ. ಮೊದಲಿಗೆ ಇದಕ್ಕೂ ಓಟಕ್ಕೂ ನಂಟಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಸ್ಪೇಡ್’ ಎಂದರೆ ಏಳಿಗೆ, ಸಿರಿ, ಕೈಗೂಡಿದ ಕೆಲಸ. ಡಚ್ ಭಾಷೆಯಲ್ಲಿ ಅವಸರವನ್ನು ಹೇಳುವ ‘ಸ್ಪೂಡ್’ ಇದರ ದಾಯಾದಿ ಪದ. ಹಳೆಯ ಇಂಗ್ಲಿಷಿನ ಕೊನೆಯ ಘಟ್ಟದ ಹೊತ್ತಿಗೆ ‘ಬೇಗನೆ’ ಎಂಬ ಅರ್ಥವೂ ಸೇರಿಕೊಂಡಿತು. ಕೆಲಸ ಕೈಗೂಡಿದವನು ಬೇಗ ಮುಗಿಸಿರುತ್ತಾನೆ ಎಂಬ ಎಣಿಕೆಯೇ ಈ ಹೊರಳಿಗೆ ದಾರಿ ಮಾಡಿರಬೇಕು.

ಹಳೆಯ ಅರ್ಥ ಅಷ್ಟು ಸುಲಭವಾಗಿ ಅಳಿಯಲಿಲ್ಲ. ಪಯಣ ಹೊರಟವರಿಗೆ ಹೇಳುತ್ತಿದ್ದ ‘ಗಾಡ್‌ಸ್ಪೀಡ್’ ಎಂಬ ಹಾರೈಕೆ ಬೇಗ ಹೋಗು ಎಂದಲ್ಲ, ದೇವರು ನಿನಗೆ ಒಳಿತು ಮಾಡಲಿ ಎಂದು. 1607ರಲ್ಲಿ ವರ್ಜೀನಿಯಾದ ಜೇಮ್ಸ್‌ಟೌನಿಗೆ ವಲಸಿಗರನ್ನು ಮುಟ್ಟಿಸಿದ ಮೂರು ಹಡಗುಗಳಲ್ಲಿ ಒಂದರ ಹೆಸರು ಇದೇ. 1620ರಲ್ಲಿ ಮೇಫ್ಲವರ್ ಜೊತೆ ಹೊರಟ ಸ್ಪೀಡ್‌ವೆಲ್ ಮಾತ್ರ ಹೆಸರಿಗೆ ಒಪ್ಪಲಿಲ್ಲ: ಮತ್ತೆ ಮತ್ತೆ ನೀರು ಸೋರಿ, ಕೊನೆಗೆ ಇಂಗ್ಲೆಂಡಿನಲ್ಲೇ ಉಳಿಯಿತು. ಶೇಕ್ಸ್‌ಪಿಯರ್ ‘ದಿ ಟೂ ಜಂಟಲ್‌ಮೆನ್ ಆಫ್ ವೆರೋನಾ’ ನಾಟಕದ ಸೇವಕನೊಬ್ಬನಿಗೆ ಸ್ಪೀಡ್ ಎಂದು ಹೆಸರಿಟ್ಟು, ಎರಡೂ ಅರ್ಥಗಳನ್ನು ಆಡಿಸಿದ್ದಾನೆ.

ಪದಕ್ಕೆ ಅಂಕಿಯ ಲಗಾಮು ಬಿದ್ದದ್ದು ಯಂತ್ರಗಳ ಕಾಲದಲ್ಲಿ. ಬ್ರಿಟನ್ನಿನ 1865ರ ಕಾಯಿದೆ ರಸ್ತೆಯ ಮೇಲಿನ ಸ್ವಯಂಚಾಲಿತ ಬಂಡಿಗಳಿಗೆ ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ, ಪೇಟೆಯಲ್ಲಿ 2 ಮೈಲಿಯ ಮಿತಿ ಹಾಕಿತು. ಸಂತೆಗೆ ಹೊರಟ ಮುದುಕಿಯೂ ಇದಕ್ಕಿಂತ ಚುರುಕಾಗಿ ನಡೆದಾಳು! 1896ರ ಜನವರಿಯಲ್ಲಿ ಕೆಂಟ್ ಪ್ರಾಂತದ ಪ್ಯಾಡಕ್ ವುಡ್‌ನಲ್ಲಿ ವಾಲ್ಟರ್ ಅರ್ನಾಲ್ಡ್ ಎಂಬಾತ ಸುಮಾರು 8 ಮೈಲಿ ವೇಗದಲ್ಲಿ ಕಾರು ಓಡಿಸಿದ. ಪೊಲೀಸನೊಬ್ಬ ಸೈಕಲ್ ತುಳಿದು ಬೆನ್ನಟ್ಟಿ ಹಿಡಿದ. ದಂಡ ಒಂದು ಶಿಲ್ಲಿಂಗ್, ಜೊತೆಗೆ ಕೋರ್ಟಿನ ಖರ್ಚು. ಅದೇ ವರ್ಷದ ನವೆಂಬರಿನಲ್ಲಿ ಮಿತಿ 14 ಮೈಲಿಗೆ ಏರಿತು. 1903ರ ಕಾಯಿದೆ ಅದನ್ನು 20ಕ್ಕೆ ಒಯ್ದಿತು.

ಭೌತಶಾಸ್ತ್ರದಲ್ಲಿ ಸ್ಪೀಡ್‌ಗೆ ದಿಕ್ಕಿಲ್ಲ. ದಿಕ್ಕು ಸೇರಿದರೆ ಅದು ವೆಲಾಸಿಟಿ. ಕನ್ನಡದ ವಿಜ್ಞಾನ ಪಠ್ಯಗಳು ಮೊದಲನೆಯದನ್ನು ‘ಜವ’ ಎಂದೂ ಎರಡನೆಯದನ್ನು ‘ವೇಗ’ ಎಂದೂ ಬೇರ್ಪಡಿಸುತ್ತವೆ. ಒಳ್ಳೆಯ ಏರ್ಪಾಡೇ, ಆದರೆ ಶಾಲೆಯ ಗೇಟು ದಾಟಿದರೆ ನಿಲ್ಲದು: ರಸ್ತೆಯ ಫಲಕದಲ್ಲಿರುವುದು ‘ವೇಗಮಿತಿ’, ಜನರ ಬಾಯಲ್ಲಿರುವುದು ‘ಸ್ಪೀಡು’. ಅಂಚೆ ಇಲಾಖೆ 1986ರಲ್ಲಿ ಆರಂಭಿಸಿದ ತ್ವರಿತ ಸೇವೆಯನ್ನೂ ಕನ್ನಡಿಗರು ಸ್ಪೀಡ್ ಪೋಸ್ಟ್ ಎಂದೇ ಕರೆಯುತ್ತಾರೆ.