ಜಾಹೀರಾತಿಗೆ ಹಣ ಸುರಿಯುವ ಮುನ್ನ: ಸ್ಟಾರ್ಟ್‌ಅಪ್‌ಗಳಿಗೆ ಗ್ರಾಹಕರು ಸಿಗುವುದು ಹೇಗೆ?

ಹೊಸದಾಗಿ ಕಂಪನಿ ಆರಂಭಿಸಿದ ಹಲವರು ವೆಬ್‌ಸೈಟ್ ಸಿದ್ಧವಾದ ಮರುದಿನವೇ ಆನ್‌ಲೈನ್ ಜಾಹೀರಾತಿಗೆ ಹಣ ಕಟ್ಟುತ್ತಾರೆ. ಆರ್ಡರ್‌ಗಳೂ ಬರುತ್ತವೆ. ಜಾಹೀರಾತು ನಿಲ್ಲಿಸಿದ ದಿನ ಆರ್ಡರ್‌ಗಳೂ ನಿಲ್ಲುತ್ತವೆ, ಅಷ್ಟರಲ್ಲಿ ಬಂಡವಾಳ ಕರಗಿರುತ್ತದೆ. ಆದ್ದರಿಂದ ಮೊದಲು ಹಾಕಬೇಕಾದ ಲೆಕ್ಕ ಇದು: ಒಬ್ಬ ಗ್ರಾಹಕರನ್ನು ಕರೆತರಲು ಎಷ್ಟು ಖರ್ಚಾಗುತ್ತದೆ, ಅವರಿಂದ ಒಟ್ಟು ಎಷ್ಟು ಉಳಿಯುತ್ತದೆ?

ಪುಣೆಯಲ್ಲಿದ್ದುಕೊಂಡು ನೀವು ಮಲೆನಾಡಿನ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಆನ್‌ಲೈನ್‌ನಲ್ಲಿ ಮಾರುತ್ತೀರಿ ಎಂದುಕೊಳ್ಳಿ. ಜಾಹೀರಾತಿಗೆ 20,000 ರೂ. ಹಾಕಿದಾಗ 100 ಮಂದಿ ಕೊಂಡರೆ ತಲಾ 200 ರೂ. ಖರ್ಚಾದಂತಾಯಿತು. 300 ರೂ. ಬೆಲೆಯ ಬಾಟಲಿಯಲ್ಲಿ ಸಾಮಗ್ರಿ, ಪ್ಯಾಕಿಂಗ್, ಕೊರಿಯರ್ ಕಳೆದು ಉಳಿಯುವುದು 80 ರೂ. ಎಂದಾದರೆ ಮೊದಲ ಬಾಟಲಿಯಲ್ಲಿ 120 ರೂ. ನಷ್ಟ. ಅದೇ ಗ್ರಾಹಕರು ಮೂರನೇ ಬಾರಿ ಕೊಂಡಾಗ ಮಾತ್ರ 40 ರೂ. ಲಾಭ. ಅವರು ಮತ್ತೆ ಬಾರದಿದ್ದರೆ, ಹೆಚ್ಚು ಮಾರಿದಷ್ಟೂ ನಷ್ಟವೇ ಹೆಚ್ಚು! ಭಾರಿ ರಿಯಾಯಿತಿ ಕೊಟ್ಟರೆ ಈ ಗುಂಡಿ ಇನ್ನೂ ಆಳವಾಗುತ್ತದೆ. ಕೂಪನ್‌ಗಾಗಿ ಬಂದವರು ಇನ್ನೊಂದು ಕೂಪನ್ ಕಂಡ ಕಡೆ ಹೋಗುತ್ತಾರೆ.

ಗೂಗಲ್ ಹುಡುಕಾಟದ ಜಾಹೀರಾತು ಹರಾಜಿನ ಮೂಲಕ ನಡೆಯುತ್ತದೆ. ಕೂಗಿದ ಬೆಲೆಯ ಜೊತೆಗೆ ಜಾಹೀರಾತಿನ ಗುಣಮಟ್ಟವೂ ಲೆಕ್ಕಕ್ಕೆ ಬರುತ್ತದೆ. 'ಉಪ್ಪಿನಕಾಯಿ' ಎಂಬ ಪದಕ್ಕೆ ದೊಡ್ಡ ಕಂಪನಿಗಳೊಡನೆ ಪೈಪೋಟಿ ನಡೆಸುವ ಬದಲು 'ಪುಣೆಯಲ್ಲಿ ಅಪ್ಪೆಮಿಡಿ' ಎಂದು ಹುಡುಕುವ ಕೆಲವೇ ಜನರನ್ನು ತಲುಪುವುದು ಮೇಲು. ಹಾಗೆ ಹುಡುಕುವವರು ಕೊಳ್ಳುವ ಮನಸ್ಸು ಮಾಡಿಯೇ ಬಂದಿರುತ್ತಾರೆ.

2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಆರಂಭಿಸಿದ ಸಚಿನ್ ಬನ್ಸಾಲ್ ಮತ್ತು ಬಿನ್ನಿ ಬನ್ಸಾಲ್ ಆಗ ಮಾರುತ್ತಿದ್ದುದು ಪುಸ್ತಕಗಳನ್ನು. ಪ್ರಚಾರಕ್ಕಾಗಿ ಅವರು ಪುಸ್ತಕದಂಗಡಿಯ ಹೊರಗೆ ನಿಂತು ಓದುಗರಿಗೆ ಬುಕ್‌ಮಾರ್ಕ್ ಹಂಚಿದರು. ಗ್ರಾಹಕರು ಎಲ್ಲಿದ್ದಾರೋ ಅಲ್ಲಿಗೇ ಹೋಗುವ ಅಗ್ಗದ ದಾರಿ ಅದು. ಆನ್‌ಲೈನ್‌ನಲ್ಲಿ ಮುಂಗಡ ಹಣ ಕಟ್ಟಲು ಜನ ಹೆದರುತ್ತಿದ್ದ ಕಾಲದಲ್ಲಿ, 2010ರಲ್ಲಿ, ಅವರ ಕಂಪನಿ ಕ್ಯಾಶ್ ಆನ್ ಡೆಲಿವರಿ ತಂದಿತು. ಯಾವ ಜಾಹೀರಾತೂ ಹೋಗಲಾಡಿಸದ ಭಯವನ್ನು ಆ ಸೌಲಭ್ಯ ಕಡಿಮೆ ಮಾಡಿತು. ಆದರೆ ಸಣ್ಣ ವ್ಯಾಪಾರಿಗಳು ಇದನ್ನು ಕಣ್ಣುಮುಚ್ಚಿ ಅನುಸರಿಸುವಂತಿಲ್ಲ. ಪಾರ್ಸೆಲ್ ಬೇಡವೆಂದು ಗ್ರಾಹಕರು ಹಿಂದಿರುಗಿಸಿದರೆ ಹೋಗಿಬರುವ ಕೊರಿಯರ್ ಖರ್ಚು ಸಾಮಾನ್ಯವಾಗಿ ಮಾರಿದವರ ತಲೆಗೇ ಬರುತ್ತದೆ.

ಗ್ರಾಹಕರಿಂದಲೇ ಗ್ರಾಹಕರನ್ನು ಪಡೆದ ಹಳೆಯ ಉದಾಹರಣೆ ಹಾಟ್‌ಮೇಲ್. ಬೆಂಗಳೂರಿನಲ್ಲಿ ಶಾಲೆ ಕಲಿತ ಸಬೀರ್ ಭಾಟಿಯಾ ಹಾಗೂ ಜಾಕ್ ಸ್ಮಿತ್ 1996ರ ಜುಲೈ 4ರಂದು ಅಮೆರಿಕದಲ್ಲಿ ಇದನ್ನು ಆರಂಭಿಸಿದರು. ಬಳಕೆದಾರರು ಕಳುಹಿಸುವ ಪ್ರತಿ ಇಮೇಲ್‌ನ ಕೊನೆಯಲ್ಲಿ, ನೀವೂ ಉಚಿತ ಖಾತೆ ತೆರೆಯಿರಿ ಎಂಬ ಅರ್ಥದ ಒಂದು ಸಾಲು ಸೇರುತ್ತಿತ್ತು. 1997ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಳ್ಳುವ ವೇಳೆಗೆ ಬಳಕೆದಾರರ ಸಂಖ್ಯೆ 85 ಲಕ್ಷ ದಾಟಿತ್ತು.

ಇಮೇಲ್ ತಾನಾಗಿಯೇ ಇನ್ನೊಬ್ಬರ ಕೈ ಸೇರುತ್ತದೆ, ಉಪ್ಪಿನಕಾಯಿ ಸೇರುವುದಿಲ್ಲ. ಅದಕ್ಕಾಗಿ ಬಾಟಲಿಯ ಜೊತೆ ರೆಫರಲ್ ಕೋಡ್ ಇಡಬಹುದು. ಬಹುಮಾನವನ್ನು ಮಾತ್ರ ಸ್ನೇಹಿತರು ಹೆಸರು ನೋಂದಾಯಿಸಿದ ಕೂಡಲೇ ಕೊಡಬೇಡಿ, ಅವರ ಆರ್ಡರ್ ತಲುಪಿ ಹಣ ಕೈಸೇರಿದ ಬಳಿಕ ಕೊಡಿ. ಇಲ್ಲವಾದರೆ ಒಂದೇ ಮನೆಯ ನಾಲ್ಕು ಮೊಬೈಲ್ ನಂಬರ್‌ಗಳು ನಾಲ್ಕು 'ಹೊಸ ಗ್ರಾಹಕ'ರಾಗಿ ಬಂದು ನಿಲ್ಲುತ್ತವೆ.