ಹಾಕಿಸಿಕೊಳ್ಳುವ ಜಡೆ, ಹಾಕಿಕೊಳ್ಳುವ ಜಡೆ

‘ಜಡೆ’ ನಮ್ಮ ಭಾಷೆಗೆ ಬಂದದ್ದು ತಪಸ್ವಿಗಳ ತಲೆಯಿಂದ. ಸಂಸ್ಕೃತದ ‘ಜಟಾ’ ಹಳಗನ್ನಡದಲ್ಲಿ ‘ಜೆಡೆ’ಯಾಯಿತು, ಶಿವನಿಗೆ ಕೆಂಜೆಡೆಯಾಯಿತು. ಎಣ್ಣೆ ಬಾಚಣಿಗೆ ಕಾಣದೆ ಗಂಟುಗಟ್ಟಿದ ಕೂದಲಿನ ಹೆಸರು ಅದು. ಕೂದಲು ‘ಜಡೆಗಟ್ಟಿದೆ’ ಎನ್ನುವಾಗ ಇಂದಿಗೂ ಉಳಿದಿರುವುದು ಆ ಹಳೆಯ ಅರ್ಥವೇ. ಅದೇ ಪದ ಸಂಸಾರಕ್ಕೆ ಇಳಿದು, ಸಿಕ್ಕು ಬಿಡಿಸಿ, ಬೈತಲೆ ತೆಗೆದು, ಒಪ್ಪವಾಗಿ ಹೆಣೆದ ಕೂದಲಿಗೂ ಹೆಸರಾಯಿತು. ಧಾರವಾಡ, ವಿಜಯಪುರದ ಕಡೆ ಹೋದರೆ ಇದು ‘ಹೆರಳು’. ಅಲ್ಲಿ ತಲೆ ಬಾಚುವುದಿಲ್ಲ, ಹಿಕ್ಕುತ್ತಾರೆ.

ಆದರೆ ನನಗೆ ಈ ಪದದ ಬಾಳುವೆ ಕಾಣುವುದು ಅದರ ಪಕ್ಕದಲ್ಲಿ ನಿಲ್ಲುವ ಕ್ರಿಯಾಪದದಲ್ಲಿ. ಅಮ್ಮ ಜಡೆ ಹಾಕುತ್ತಾಳೆ, ಮಗಳು ಹಾಕಿಸಿಕೊಳ್ಳುತ್ತಾಳೆ. ಬಾಲ್ಯದ ಜಡೆಯೆಲ್ಲ ಹಾಕಿಸಿಕೊಂಡದ್ದೇ. ಶಾಲೆಗೆ ಹೊರಡುವ ಹೊತ್ತಿಗೆ ಎರಡು ಜಡೆ ಹೆಣೆದು, ಮೇಲಕ್ಕೆ ಮಡಚಿ, ರಿಬ್ಬನ್ ಬಿಗಿದು, ‘ತಲೆ ಅಲ್ಲಾಡಿಸಬೇಡ’ ಎಂದು ಗದರಿದ ಕೈಗಳನ್ನು ಯಾರು ಮರೆತಾರು? ಈ ಹಾಕಿಸಿಕೊಳ್ಳುವಿಕೆಯ ಶಿಖರವೆಂದರೆ ಮೊಗ್ಗಿನ ಜಡೆ. ಬೇಸಿಗೆಯಲ್ಲಿ ಮಲ್ಲಿಗೆ ಮೊಗ್ಗು ಸಿಗುವ ಕಾಲಕ್ಕೆ ಹುಡುಗಿಯನ್ನು ಕೂರಿಸಿ, ಸೂಜಿ ದಾರ ಹಿಡಿದು ಗಂಟೆಗಟ್ಟಲೆ ಮೊಗ್ಗು ಹೊಲಿದು, ತುದಿಗೆ ಕುಚ್ಚು ಕಟ್ಟಿ, ಸ್ಟುಡಿಯೋಗೆ ಕರೆದೊಯ್ದು ಬೆನ್ನ ಹಿಂದೆ ಕನ್ನಡಿಯಿಟ್ಟು ಫೋಟೋ ತೆಗೆಸುತ್ತಿದ್ದರು. ಮುಖವೂ ಬರಬೇಕು, ಜಡೆಯೂ ಬರಬೇಕು. ಅಂಥ ಜಡೆಯನ್ನು ತಮಗೆ ತಾವೇ ಹಾಕಿಕೊಂಡವರಿಲ್ಲ.

ಹಾಕಿಸಿಕೊಳ್ಳುವುದರಿಂದ ಹಾಕಿಕೊಳ್ಳುವುದಕ್ಕೆ ಬರೀ ‘ಇಸು’ ಪ್ರತ್ಯಯದಷ್ಟೇ ದೂರ. ಆ ದೂರ ಕ್ರಮಿಸಬೇಕಾದದ್ದು ಬೆರಳುಗಳು. ಮೊದಲು ತುದಿಯ ಸಿಕ್ಕು ಬಿಡಿಸಿ, ಆಮೇಲೆ ಮೇಲಕ್ಕೆ ಏರುತ್ತ ಹೋಗಬೇಕು. ಒದ್ದೆ ಕೂದಲು ಎಳೆದರೆ ಬೇಗ ತುಂಡಾಗುತ್ತದೆ, ಆರಲು ಬಿಡಬೇಕು. ಕತ್ತಿನ ಹಿಂದೆ ಕೂದಲನ್ನು ಮೂರು ಪಾಲು ಮಾಡಿಕೊಳ್ಳಿ. ಎಳೆ ಮೂರು, ಕೈ ಎರಡೇ. ಹಾಗಾಗಿ ಸದಾ ಒಂದು ಕೈಯಲ್ಲಿ ಎರಡು ಎಳೆ ಇರಬೇಕು, ಅವು ಬೆರೆಯದಂತೆ ನಡುವೆ ತೋರುಬೆರಳು. ಬಲಗಡೆಯದು ನಡುವಿನದರ ಮೇಲೆ, ಆಮೇಲೆ ಎಡಗಡೆಯದು ನಡುವಿನದರ ಮೇಲೆ. ಪ್ರತಿ ಸಲ ಅಂಚಿನ ಎಳೆ ನಡುವಿಗೆ ಬರುತ್ತದೆ, ನಡುವಿನದು ಅಂಚಿಗೆ ಸರಿಯುತ್ತದೆ. ಬೆನ್ನ ಹಿಂದಿನ ಈ ಕೆಲಸಕ್ಕೆ ಕನ್ನಡಿ ಹೆಚ್ಚೇನೂ ಒದಗದು. ಕಣ್ಣು ಮುಚ್ಚಿಕೊಂಡರೆ ಮುಂದಿನ ಸರದಿ ಯಾವ ಎಳೆಯದೆಂದು ಬೆರಳಿಗೇ ಗೊತ್ತಾಗುತ್ತದೆ. ತೋಳು ಸೋತರೆ ಜಡೆಯನ್ನು ಹೆಗಲ ಮೇಲಿಂದ ಮುಂದಕ್ಕೆ ತಂದುಕೊಂಡು ಉಳಿದದ್ದನ್ನು ನೋಡುತ್ತ ಮುಗಿಸಬಹುದು. ತೀರ ಬಿಗಿ ಮಾತ್ರ ಬೇಡ. ದಿನವೂ ಜಗ್ಗಿ ಕಟ್ಟಿದರೆ ಹಣೆಯಂಚಿನ ಕೂದಲು ಉದುರತೊಡಗುತ್ತದೆ.

ಎರಡು ಜುಟ್ಟು ಕೂಡಿದರೂ ಎರಡು ಜಡೆ ಕೂಡುವುದಿಲ್ಲ ಎಂಬ ಗಾದೆ ನಾನಾ ರೂಪಗಳಲ್ಲಿ ನಮ್ಮಲ್ಲಿ ಓಡಾಡುತ್ತಿದೆ. ಇಲ್ಲಿ ಜುಟ್ಟು ಎಂದರೆ ಗಂಡು, ಜಡೆ ಎಂದರೆ ಹೆಣ್ಣು. ಈ ಗಾದೆಯನ್ನು ನಾನು ಒಪ್ಪುವುದಿಲ್ಲ. ಸಂಜೆ ಜಗಲಿಯ ಮೇಲೆ ಅಜ್ಜಿಯ ಮುಂದೆ ಅತ್ತೆ, ಅತ್ತೆಯ ಮುಂದೆ ಸೊಸೆ, ಸೊಸೆಯ ಮುಂದೆ ಮೊಮ್ಮಗಳು ಕೂತು, ಒಬ್ಬರ ತಲೆಯನ್ನು ಇನ್ನೊಬ್ಬರು ಬಾಚಿ ಹೆಣೆದ ಮನೆಗಳೆಷ್ಟಿಲ್ಲ? ಗಾದೆಗೆ ಜಗಳ ಕಂಡಿತು, ಈ ಸಾಲು ಕಾಣಲಿಲ್ಲ. ಜಡೆ ಕೋಲಾಟ ಕಟ್ಟಿದವರಿಗೆ ಅದು ಕಂಡಿತ್ತು. ಮೇಲಿನಿಂದ ಇಳಿಬಿಟ್ಟ ಬಣ್ಣದ ಹಗ್ಗಗಳ ತುದಿಯನ್ನು ಒಂದೊಂದು ಕೈ ಹಿಡಿಯುತ್ತದೆ, ಇನ್ನೊಂದು ಕೈಯಲ್ಲಿ ಕೋಲು. ಒಬ್ಬರ ಒಳಗೆ ಒಬ್ಬರು ನುಸುಳಿ ಕುಣಿದಂತೆ ಮೇಲೆ ಜಡೆ ಹೆಣೆದುಕೊಳ್ಳುತ್ತದೆ. ಅದೇ ಹೆಜ್ಜೆ ಹಿಂದುಮುಂದಾದರೆ ಬಿಚ್ಚಿಕೊಳ್ಳುತ್ತದೆ. ಒಬ್ಬರು ತಪ್ಪಿದರೂ ಹಗ್ಗ ಸಿಕ್ಕಾಗುತ್ತದೆ. ಅಲ್ಲಿ ‘ಜಡೆ’ ಎಂದರೆ ಕೂಡಿ ಮಾಡುವ ಕೆಲಸ.

ಹಾಗಾದರೆ ತನ್ನ ಜಡೆ ತಾನೇ ಹಾಕಿಕೊಳ್ಳಲು ಕಲಿತರೆ ಆ ಕೂಟ ಕಳಚುತ್ತದೆಯೆ? ನನ್ನ ನಂಬಿಕೆ ಬೇರೆ. ಹಾಸ್ಟೆಲ್ ಸೇರುವ ಹುಡುಗಿಗೆ, ಬೆಳಗಿನ ಬಸ್ಸು ಹಿಡಿಯುವವಳಿಗೆ ಇದು ದಿನನಿತ್ಯದ ಸ್ವಾತಂತ್ರ್ಯ. ಅಷ್ಟೇ ಅಲ್ಲ, ತನ್ನ ತಲೆಯ ಮೇಲೆ ಕಲಿತ ಕೈಗೆ ಎಲ್ಲಿ ನೋವಾಗುತ್ತದೆ, ಎಷ್ಟು ಬಿಗಿ ಸಾಕು ಎಂಬುದು ತಿಳಿದಿರುತ್ತದೆ. ಆ ಕೈ ಇನ್ನೊಬ್ಬರಿಗೆ ಜಡೆ ‘ಹಾಕಲು’ ಸಿದ್ಧವಾದ ಕೈ. ಭುಜ ಹಿಡಿದುಕೊಂಡು ತೋಳೆತ್ತಲಾಗದ ಅಮ್ಮ ಇಂದು ಹಾಕಿಸಿಕೊಳ್ಳುವವಳಾಗಿದ್ದಾಳೆ. ಅವಳ ಹಿಂದೆ ಕೂರಬೇಕಾದವರು ಮಗಳೊಬ್ಬಳೇ ಅಲ್ಲ. ಗಂಡುಮಕ್ಕಳಿಗೂ ಮೂರೆಳೆಯ ಜಡೆ ಕಲಿಸಬೇಕು, ಅಪ್ಪಂದಿರೂ ಕಲಿಯಬೇಕು. ಹಾಕು, ಹಾಕಿಸಿಕೋ, ಹಾಕಿಕೋ: ಈ ಮೂರೂ ಮಾತು ಮನೆಯ ಎಲ್ಲರಿಗೂ ಸಲ್ಲಬೇಕು.